ರಿಸಾಲತ್ ಖಾಲಾಳ ತಂಗಿಯ ಮಗ

ಇಷ್ಟೆಲ್ಲ ರಾದ್ಧಾಂತಕ್ಕೂ ಮೂಲ ಅಂಗೈಯಗಲದ ಒಂದು ಚೀಟಿ. ಬೆಳಗಿನ ಮೊದಲ ಪಾಠ ಅರ್ಧಕ್ಕೆ ಬಂದಿದ್ದಾಗ ಡೀನ್ ಕಚೇರಿಯ ಲೋಲಾ ತರಗತಿಯ ಬಾಗಿಲಲ್ಲಿ ನಿಂತು, "ಎಲ್ಮುರಾದ್ ಯಾರಪ್ಪಾ?" ಎಂದು ಕೂಗಿದಳು. ಎದ್ದು ಬಂದವನ ಕೈಗೆ ಚೀಟಿ ಇಟ್ಟು, ಹಸಿಯಾಗಿದ್ದ ಉಗುರಿನ ಬಣ್ಣವನ್ನು ಊದಿಕೊಳ್ಳುತ್ತ ಹೊರಟುಹೋದಳು. ಚೀಟಿಯಲ್ಲಿದ್ದದ್ದು ಮೂರು ಸಾಲು. ವಾಸಸ್ಥಳದ ನೋಂದಣಿ ಪತ್ರ ಇವತ್ತು ಸಂಜೆ ನಾಲ್ಕರೊಳಗೆ ಕಚೇರಿಗೆ ತಲುಪದಿದ್ದರೆ ವಿದ್ಯಾರ್ಥಿಯ ಹೆಸರನ್ನು ಪರೀಕ್ಷೆಯ ಪಟ್ಟಿಯಿಂದ ತೆಗೆಯಲಾಗುವುದು. ಈ ಬಗ್ಗೆ ಈಗಾಗಲೇ ಮೂರು ಸಲ ತಿಳಿಸಲಾಗಿದೆ ಎಂದೂ ಬರೆದಿತ್ತು. ಒಂದು ಸಲವೂ ತಿಳಿಸಿರಲಿಲ್ಲ. ಆದರೆ ಮೊಹರು ಬಿದ್ದ ಮೇಲೆ ತಿಳಿಸಿದ ಹಾಗೆಯೇ ಸರಿ.

ತಾಷ್ಕೆಂಟಿನಲ್ಲಿ ಹೊರಗಿನಿಂದ ಬಂದ ಹುಡುಗನಿಗೆ ತಲೆಯ ಮೇಲೊಂದು ಸೂರಿದ್ದರೆ ಸಾಲದು, ಸೂರಿದೆ ಎಂಬುದಕ್ಕೆ ಕಾಗದವೂ ಬೇಕು. ಸೆಪ್ಟೆಂಬರಿನಲ್ಲಿ ಎಲ್ಮುರಾದ್ ಪೆಟ್ಟಿಗೆ ಹೊತ್ತುಕೊಂಡು ಹನ್ನೊಂದು ಗೇಟು ತಟ್ಟಿದ್ದ. ಐದರ ಮೇಲೆ 'ಹುಡುಗಿಯರಿಗೆ ಮಾತ್ರ' ಎಂಬ ರಟ್ಟು ನೇತಾಡುತ್ತಿತ್ತು. ಉಳಿದ ಕಡೆ ಮೊದಲ ಪ್ರಶ್ನೆಯೇ, "ನೋಂದಣಿ ಇದೆಯಾ?" ಕೋಣೆ ಸಿಗದೆ ನೋಂದಣಿ ಇಲ್ಲ, ನೋಂದಣಿ ಇಲ್ಲದೆ ಕೋಣೆ ಇಲ್ಲ. ಮದುವೆಯಾಗದ ಹೊರತು ಹುಚ್ಚು ಬಿಡದು, ಹುಚ್ಚು ಬಿಡದ ಹೊರತು ಮದುವೆಯಾಗದು ಅನ್ನುತ್ತಾರಲ್ಲ, ಅಕ್ಷರಶಃ ಅದೇ. ಕೊನೆಗೆ ಹನ್ನೆರಡನೆಯ ಗೇಟು ತೆರೆದವಳು ರಿಸಾಲತ್ ಖಾಲಾ. ಗಂಡ ತೀರಿಕೊಂಡ ಹೆಂಗಸು, ಬೀದಿಗೆಲ್ಲ ಖಾಲಾ, ಅಂದರೆ ದೊಡ್ಡಮ್ಮ. ಇದ್ದದ್ದು ಎರಡೇ ಕೋಣೆ. ಈರುಳ್ಳಿ ಮೂಟೆ ಇಡುತ್ತಿದ್ದ ಕೋಣೆಯನ್ನು ಇವನಿಗೆ ಕೊಟ್ಟಳು, ಈರುಳ್ಳಿಯನ್ನೂ ಅಲ್ಲೇ ಬಿಟ್ಟಳು. ಸ್ನಾನ ಶುಕ್ರವಾರ, ಒಲೆ ಮುಟ್ಟುವ ಹಾಗಿಲ್ಲ, ಸ್ನೇಹಿತರು ಬರುವ ಹಾಗಿಲ್ಲ, ಮತ್ತು ಬಹುಮುಖ್ಯವಾಗಿ, ಯಾರು ಕೇಳಿದರೂ ಬಾಡಿಗೆಯವನು ಎಂದು ಹೇಳುವ ಹಾಗಿಲ್ಲ. ಬಾಡಿಗೆ ಎಂದರೆ ತೆರಿಗೆಯವರು ಬರುತ್ತಾರೆ. ಹಾಗಾಗಿ ಮೂರು ತಿಂಗಳಿಂದ ಎಲ್ಮುರಾದ್ ಆ ಮೊಹಲ್ಲಾದ ಪಾಲಿಗೆ ಖಾಲಾಳ ಮನೆಗೆ ಟಿವಿ ರಿಪೇರಿಗೆ ಬಂದ ಹುಡುಗ. ಅಷ್ಟು ದಿನ ಹಿಡಿಯುವ ರಿಪೇರಿ ಯಾವುದು ಎಂದು ಯಾರೂ ಎದುರಿಗೆ ಕೇಳಿರಲಿಲ್ಲ, ಆದರೆ ಪಕ್ಕದ ಮನೆಯ ಬಹ್ರಿ ಆಪಾ ಎರಡು ಸಲ ತನ್ನ ಟಿವಿಯನ್ನೂ ಹೊತ್ತು ತಂದಿದ್ದಳು.

ಚೀಟಿ ಹಿಡಿದು ಅವನು ಓಡಿ ಬಂದಾಗ ಖಾಲಾ ಅಂಗಳದಲ್ಲಿ ಕೂತು ಕ್ಯಾರೆಟ್ ಹೆಚ್ಚುತ್ತಿದ್ದಳು.

"ಖಾಲಾ, ಒಂದು ಪತ್ರ ಬೇಕಿತ್ತು. ನಾನು ಇಲ್ಲಿ ಬಾಡಿಗೆಗೆ ಇದೀನಿ ಅಂತ."

ಖಾಲಾಳ ಚಾಕು ನಿಂತಿತು. "ಮೆಲ್ಲಗೆ ಮಾತಾಡೋ! ಗೋಡೆ ಆಚೆ ಬಹ್ರಿ ಇದ್ದಾಳೆ. ಅವಳ ಕಿವಿಗೆ ಬಿದ್ರೆ ಊಟದ ಹೊತ್ತಿಗೆ ತೆರಿಗೆ ಆಫೀಸಿಗೇ ಬಿದ್ದಂಗೆ."

"ಇವತ್ತು ನಾಲ್ಕು ಗಂಟೆಗೆ ಕೊಡದೆ ಹೋದ್ರೆ ಪರೀಕ್ಷೆ ಇಲ್ಲ ಖಾಲಾ. ಪರೀಕ್ಷೆ ಇಲ್ಲಾಂದ್ರೆ ಊರಿಗೆ ಹೋಗ್ಬೇಕು. ನಮ್ಮಮ್ಮ ದೆನೋವ್‌ನಲ್ಲಿ ಮಗ ಇಂಜಿನಿಯರ್ ಆಗ್ತಾನೆ ಅಂತ ಕಂಡಕಂಡವರಿಗೆಲ್ಲ ಹೇಳ್ಕೊಂಡು ಬಂದಿದಾಳೆ."

ಖಾಲಾ ಕೆಟ್ಟವಳಲ್ಲ. ತನ್ನ ಕೈ ಸುಡದ ಹಾಗಿದ್ದರೆ ಯಾರಿಗೆ ಬೇಕಾದರೂ ಸಹಾಯ ಮಾಡುವವಳು. ಎರಡು ಕ್ಯಾರೆಟ್ ಹೆಚ್ಚುವಷ್ಟು ಹೊತ್ತು ಯೋಚಿಸಿದಳು.

"ಬಾಡಿಗೆಯವನು ಅಂತ ಬರೆಸೋಕಾಗಲ್ಲ. ಸಂಬಂಧಿಕ ಅಂತ ಬರೆಸಬಹುದು. ನಮ್ಮ ಮೊಹಲ್ಲಾ ಹಿರಿಯರು ತುರ್ಗುನ್ ಅಜ್ಜ ಬರೆದು ಮೊಹರು ಹಾಕ್ತಾರೆ, ಇಬ್ಬರು ನೆರೆಹೊರೆಯೋರು ಹೌದು ಅಂದ್ರೆ ಆಯ್ತು. ನೀನು ನನ್ನ ತಂಗಿ ಮಗ. ಕುಮ್ರಿ ಮಗ."

"ನಿಮಗೆ ತಂಗಿ ಇದಾರಾ?"

"ಇದ್ದಾಳೆ, ಗುಲಿಸ್ತಾನ್‌ನಲ್ಲಿ. ಹದಿನೆಂಟು ವರ್ಷದಿಂದ ಮಾತಿಲ್ಲ. ಅಮ್ಮ ಸತ್ತ ಮೂರನೇ ದಿನಕ್ಕೆ ಹೊಲಿಗೆ ಯಂತ್ರ ಎತ್ಕೊಂಡು ಹೋದ್ಲು, ನನ್ನೊಂದು ಮಾತು ಕೇಳಲಿಲ್ಲ."

"ಅವರಿಗೆ ಮಗ ಇದಾನಾ?"

"ನನಗೇನ್ ಗೊತ್ತು? ಮಾತಿಲ್ಲ ಅಂದ್ನಲ್ಲ!"

ಮೊದಲ ಸಾಕ್ಷಿಗೆ ಬಹ್ರಿ ಆಪಾಳನ್ನು ಬಿಟ್ಟರೆ ಗತಿಯಿರಲಿಲ್ಲ. ಅವಳನ್ನು ಬಿಟ್ಟು ಬೇರೆಯವರನ್ನು ಕೇಳಿದರೆ, ತನ್ನನ್ನೇಕೆ ಕೇಳಲಿಲ್ಲ ಎಂದು ಮೊಹಲ್ಲಾಕ್ಕೆಲ್ಲ ಸಾರುವವಳು. ಇವರಿಬ್ಬರೂ ಹೋದಾಗ ಅವಳು ಮೊಣಕೈವರೆಗೆ ಹಿಟ್ಟು ಮೆತ್ತಿಕೊಂಡು ತಂದೂರಿಗೆ ನಾನ್ ಬಡಿಯುತ್ತಿದ್ದಳು.

"ಬಾರೋ ಟಿವಿ ಹುಡುಗ! ನಮ್ಮನೇದು ಮತ್ತೆ ಹಿಮ ಬೀಳೋ ತರ ಕಾಣಿಸ್ತಿದೆ ನೋಡು."

"ಬಹ್ರಿ, ಇವನು ಟಿವಿಯವನಲ್ಲ," ಎಂದಳು ಖಾಲಾ ನೆಲ ನೋಡುತ್ತ. "ಇವನು ನಮ್ಮ ಕುಮ್ರಿ ಮಗ."

ಬಹ್ರಿಯ ಕೈಯಲ್ಲಿದ್ದ ಹಿಟ್ಟಿನ ಉಂಡೆ ಜಾರಿ ಕೆಂಡಕ್ಕೆ ಬಿತ್ತು. ಆಮೇಲೆ ಎಲ್ಲವನ್ನೂ ತಾನೇ ಜೋಡಿಸಿಕೊಂಡಳು.

"ಅಯ್ಯೋ ದೇವರೇ! ಅದಕ್ಕೇ ಮೂರು ತಿಂಗಳಿಂದ ಬಂದು ಬಂದು ಹೋಗ್ತಿದ್ದ! ಅಮ್ಮನಿಗೂ ದೊಡ್ಡಮ್ಮನಿಗೂ ರಾಜಿ ಮಾಡಿಸೋಕೆ! ನೀನೇನೇ ರಿಸಾಲತ್, ನಮಗೆ ಗೊತ್ತಾಗಬಾರದು ಅಂತ ಟಿವಿ ರಿಪೇರಿ ಅಂದ್ಯಾ? ಎಂಥ ಹಟಮಾರಿನೇ ನೀನು! ಕೊಡು ಮಗನೇ, ನಿಮ್ಮಮ್ಮನ ನಂಬರ್ ಕೊಡು, ಈಗಲೇ ಮಾತಾಡ್ತೀನಿ. ನಾನೂ ಕುಮ್ರಿನೂ ಒಂದೇ ಬೆಂಚಲ್ಲಿ ಕೂತು ಓದಿದೋರು."

ಹಿಟ್ಟಿನ ಕೈಯಲ್ಲೇ ಫೋನು ಎತ್ತಿಕೊಂಡಳು. ಎಲ್ಮುರಾದ್ ಖಾಲಾಳ ಮುಖ ನೋಡಿದ. ಖಾಲಾ ಏಪ್ರಿಕಾಟ್ ಮರ ನೋಡಿದಳು.

"ಅಮ್ಮ ಫೋನಲ್ಲಿ ಮಾತಾಡೋ ಸ್ಥಿತಿಲಿಲ್ಲ ಆಪಾ," ಎಂದ ಎಲ್ಮುರಾದ್.

"ಯಾಕೆ?"

"ಹುಷಾರಿಲ್ಲ."

"ಏನಾಗಿದೆ?"

"ಕಾಲು."

"ಕಾಲು ನೋವಿದ್ರೆ ಬಾಯಿಗೇನು? ಕೊಡೋ ನಂಬರ್ರು."

"ಕಾಲಿಂದ ಮೇಲಕ್ಕೆ ಹೋಗಿದೆ."

"ಮೇಲಕ್ಕೆ ಅಂದ್ರೆ? ಯಾವ ಆಸ್ಪತ್ರೆ? ಗುಲಿಸ್ತಾನ್‌ನಲ್ಲೇ ನನ್ನ ಮೈದುನ ಇದಾನೆ, ಈಗಲೇ ಕಳಿಸ್ತೀನಿ, ಬಿಸಿ ಸಾರು ತಗೊಂಡು ಹೋಗ್ತಾನೆ."

ಒಂದು ಸುಳ್ಳಿಗೆ ಹತ್ತು ಸುಳ್ಳು ಅನ್ನುತ್ತಾರೆ. ಆದರೆ ಹತ್ತು ಹೇಳುವಷ್ಟು ಪುರಸೊತ್ತನ್ನು ಬಹ್ರಿ ಆಪಾ ಯಾರಿಗೂ ಕೊಡುವುದಿಲ್ಲ. ಬೆವರಿ ನಿಂತ ಹುಡುಗನ ತಲೆಯಲ್ಲಿ ಇದ್ದದ್ದು ಒಂದೇ ಯೋಚನೆ, ಮೈದುನ ಸಾರು ತೆಗೆದುಕೊಂಡು ಹೋಗಬಾರದು.

"ಬೇಡ ಆಪಾ. ಇನ್ನೇನೂ ಪ್ರಯೋಜನ ಇಲ್ಲ. ಅಮ್ಮ... ಹೋಗ್ಬಿಟ್ಲು."

ಬಹ್ರಿ ಎದೆಗೆ ಕೈ ಹೊಡೆದುಕೊಂಡು ಕಿರುಚಿದ್ದು ಮೂರು ಬೀದಿಗೆ ಕೇಳಿಸಿತು. ಆದರೆ ಎಲ್ಮುರಾದ್ ಹೆದರಿದ್ದು ಅದಕ್ಕಲ್ಲ. ರಿಸಾಲತ್ ಖಾಲಾ ಗೋಡೆ ಹಿಡಿದುಕೊಂಡು ನಿಂತಿದ್ದಳು. ಮುಖ ಸುಣ್ಣದ ಹಾಗಾಗಿತ್ತು. "ಯಾವಾಗ?" ಎಂದು ಕೇಳಿದಳು. ನಿಜವಾಗಿಯೇ ಕೇಳಿದಳು. ಇವನು ಯಾರ ಮಗ, ಯಾವ ಊರಿನವನು ಎಲ್ಲವೂ ಅವಳಿಗೆ ಆ ಒಂದು ಗಳಿಗೆ ಮರೆತುಹೋಗಿತ್ತು.

ಮನೆಗೆ ಬಂದ ಮೇಲೆ ಅಡುಗೆಮನೆಯ ಬಾಗಿಲು ಹಾಕಿ ಅವನ ತೋಳು ಚಿವುಟಿದಳು. "ಒಂದು ಕಾಗದಕ್ಕೋಸ್ಕರ ನನ್ನ ತಂಗೀನ ಕೊಂದ್ಯಲ್ಲೋ ಪಾಪಿ!"

"ಬಾಯಿ ತಪ್ಪಿ ಬಂತು ಖಾಲಾ. ಹೋಗಿ ನಿಜ ಹೇಳ್ಬಿಡೋಣ."

"ಏನಂತ ಹೇಳ್ತೀಯಾ? ತಂಗಿ ಬದುಕಿದಾಳೆ, ಇವನು ಬಾಡಿಗೆಯವನು, ನಾನು ಮೂರು ತಿಂಗಳಿಂದ ಸುಳ್ಳು ಹೇಳ್ತಿದೀನಿ ಅಂತಾನಾ?" ಸೆರಗಿನಂತಿದ್ದ ತಲೆವಸ್ತ್ರದ ತುದಿಯಿಂದ ಮೂಗು ಒರೆಸಿಕೊಂಡಳು. ಆಮೇಲೆ ಈರುಳ್ಳಿ ಇಲ್ಲದೆಯೇ ಅವಳ ಕಣ್ಣಲ್ಲಿ ನೀರು ಬಂತು. "ನೋಡು, ನಾಳೆ ಅವಳು ನಿಜವಾಗ್ಲೂ ಸತ್ರೂ ನನಗೆ ಗೊತ್ತಾಗೋದು ಹೀಗೇ. ಯಾರೋ ದಾರಿಹೋಕರು ಬಂದು ಹೇಳ್ಬೇಕು."

ಅಷ್ಟರಲ್ಲಿ ಯಾರೋ ಗೇಟು ಬಡಿಯತೊಡಗಿದರು.

ಸಾವಿನ ಸುದ್ದಿ ಬಂದ ಮನೆಯನ್ನು ಮೊಹಲ್ಲಾ ತನ್ನ ಕೈಗೆ ತೆಗೆದುಕೊಳ್ಳುತ್ತದೆ, ಮನೆಯವರನ್ನು ಕೇಳುವುದಿಲ್ಲ. ಹತ್ತು ನಿಮಿಷದಲ್ಲಿ ಗಂಡಸರು ಗೇಟಿನ ಪಕ್ಕ ಬೆಂಚುಗಳನ್ನು ತಂದಿಟ್ಟರು. ಹೆಂಗಸರು ಶೋಕದ ನೀಲಿ ತಲೆವಸ್ತ್ರ ಕಟ್ಟಿಕೊಂಡು ಒಳಗೆ ತುಂಬಿಕೊಂಡರು. ಹೆಚ್ಚಿಟ್ಟ ಕ್ಯಾರೆಟ್ ಯಾರದೋ ಕೊಪ್ಪರಿಗೆಗೆ ಹೋಯಿತು. ಮಣ್ಣು ಗುಲಿಸ್ತಾನ್‌ನಲ್ಲಿ ಮೂರು ದಿನದ ಹಿಂದೆಯೇ ಆಯಿತೆಂದು ಬಹ್ರಿ ತಾನೇ ನಿರ್ಧರಿಸಿ ಎಲ್ಲರಿಗೂ ಹೇಳಿದ್ದಳು. "ತಾಯೀನ ಮಣ್ಣು ಮಾಡಿ, ಮೊದಲು ಬಂದಿದ್ದು ದೊಡ್ಡಮ್ಮನ ಹತ್ರ! ಇಂಥ ಮಗ ಈ ಕಾಲದಲ್ಲಿ ಸಿಕ್ತಾನಾ?"

ಇಂಥ ಮಗನನ್ನು ಒಳಗೆ ಕೂರಿಸುವುದುಂಟೇ? ಖಾಲಾಳ ಗಂಡನ ಹಳೆಯ ಹತ್ತಿ ತುಂಬಿದ ನಿಲುವಂಗಿಯನ್ನು ಯಾರೋ ಅವನಿಗೆ ತೊಡಿಸಿದರು, ಯಾರೋ ಸೊಂಟಕ್ಕೆ ವಸ್ತ್ರ ಬಿಗಿದರು, ಯಾರೋ ತಲೆಗೆ ಕರಿ ಟೋಪಿ ಇಟ್ಟರು. ಕೈಗೊಂದು ಕೋಲು ಕೊಟ್ಟು ಗೇಟಿನ ಹೊರಗೆ ನಿಲ್ಲಿಸಿದರು. ತಾಯಿ ಹೋದ ಮಗ ಹೀಗೆ ನಿಂತು, ಬಂದ ಬಂದವರ ಮುಂದೆ ಕೋಲಿಗೆ ಒರಗಿ ಬಾಗಿ ಗಟ್ಟಿಯಾಗಿ ಅಳಬೇಕು. ಮೆಲ್ಲಗೆ ಅತ್ತರೆ ತಾಯಿಯ ಮೇಲೆ ಪ್ರೀತಿ ಇರಲಿಲ್ಲ ಅನ್ನುತ್ತಾರೆ.

"ಅಯ್ಯೋ ನನ್ನಮ್ಮಾ!" ಎಂದ ಎಲ್ಮುರಾದ್, ಮೊದಲನೆಯವರು ಬಂದಾಗ.

"ಗಟ್ಟಿಯಾಗಿ ಅಳಪ್ಪಾ," ಎಂದ ಎದುರುಮನೆಯ ಡ್ರೈವರ್ ಸೋಬಿರ್, ಅವನ ಪಕ್ಕದಲ್ಲಿ ಜೊತೆಗೆ ನಿಂತಿದ್ದವನು. "ನಾಚಿಕೆ ಪಡ್ಬೇಡ. ನಮ್ಮಪ್ಪ ಹೋದಾಗ ನಾನು ಅತ್ತಿದ್ದು ಬಸ್ ಸ್ಟಾಪಿಗೆ ಕೇಳಿಸಿತ್ತು."

"ಅಯ್ಯೋ ನನ್ನಮ್ಮಾ!"

ನಾಲ್ಕನೆಯ ಸಲಕ್ಕೆ ಅವನಿಗೆ ದೆನೋವ್‌ನ ತನ್ನ ಅಮ್ಮ ಕಣ್ಣ ಮುಂದೆ ಬಂದಳು. ರೈಲಿನ ಕಿಟಕಿಯಲ್ಲಿ ಒಣದ್ರಾಕ್ಷಿಯ ಗಂಟು ತುರುಕುತ್ತ, ಊಟ ಬಿಡಬೇಡ, ಊಟ ಬಿಡಬೇಡ ಎಂದು ರೈಲಿನ ಜೊತೆ ಓಡಿದ್ದಳು. ಬದುಕಿರುವ ಅಮ್ಮನಿಗಾಗಿ ಬೀದಿಯಲ್ಲಿ ನಿಂತು ಶೋಕ ಮಾಡುತ್ತಿದ್ದೇನಲ್ಲ ಎನಿಸಿತು. ಆಮೇಲೆ ಬಂದ ಅಳು ಅವನು ತಡೆದರೂ ನಿಲ್ಲುವಂಥದ್ದಾಗಿರಲಿಲ್ಲ. ಬೆಂಚಿನ ಮೇಲಿದ್ದ ಮುದುಕರು ತಲೆದೂಗಿದರು. ಮಕ್ಕಳೆಂದರೆ ಹೀಗಿರಬೇಕು ಎಂದು ತಮ್ಮ ತಮ್ಮ ಮಕ್ಕಳ ಕಡೆ ನೋಡಿದರು.

ಒಳಗೆ ಖಾಲಾಳ ಪಾಡು ಇನ್ನೂ ಕಷ್ಟದ್ದಾಗಿತ್ತು. ಅಳುವ ಹೆಂಗಸರು ಅಳುವಿನ ನಡುನಡುವೆ ಅವಳನ್ನು ಬೈಯುತ್ತಿದ್ದರು.

"ಹದಿನೆಂಟು ವರ್ಷ! ಒಂದು ಹೊಲಿಗೆ ಯಂತ್ರಕ್ಕೆ! ಈಗ ಹೊಲ್ಕೊ ಹೋಗು!"

"ಒಂದು ಸಲ ಫೋನ್ ಮಾಡಿದ್ರೆ ನಿನ್ನ ಗಂಟೇನು ಹೋಗ್ತಿತ್ತೇ?"

ಖಾಲಾ ಗೋಡೆಗೆ ಒರಗಿ ಕೂತು ಅಳುತ್ತಿದ್ದಳು. ಅವಳು ನಟಿಸುತ್ತಿದ್ದಾಳೆಂದು ನಂಬುವುದು ಗೇಟಿನಿಂದ ಕೇಳಿಸಿಕೊಳ್ಳುತ್ತಿದ್ದ ಎಲ್ಮುರಾದನಿಗೇ ಕಷ್ಟವಾಗಿತ್ತು.

ಹನ್ನೆರಡಾಯಿತು, ಒಂದಾಯಿತು. ಜನ ಬರುತ್ತಲೇ ಇದ್ದರು. ಎರಡು ಗಂಟೆಗೆ ತುರ್ಗುನ್ ಅಜ್ಜ ಬಂದರು. ಮೊಹಲ್ಲಾದ ಹಿರಿಯರು, ಬೆಳ್ಳನೆ ಗಡ್ಡ. ಬೆಂಚಿನ ಮೇಲೆ ಕೂತು ಸತ್ತವಳಿಗೆಂದು ಫಾತಿಹಾದ ಪ್ರಾರ್ಥನೆ ಓದಿ ಮುಖ ಸವರಿಕೊಂಡರು. ಎಲ್ಮುರಾದ್ ಕೋಲು ಊರಿಕೊಂಡು ಅವರ ಹತ್ತಿರ ಜರುಗಿದ.

"ಅಯ್ಯೋ ನನ್ನಮ್ಮಾ... ಅಜ್ಜಾ, ಒಂದು ಕಾಗದ ಬೇಕಿತ್ತು."

"ಇಂಥ ಹೊತ್ತಲ್ಲಿ ಕಾಗದದ ಮಾತಾ ಮಗೂ?"

ಎಲ್ಮುರಾದ್ ತಲೆ ತಗ್ಗಿಸಿದ. ಅವಮಾನಕ್ಕೋ ಭಯಕ್ಕೋ ಇನ್ನೊಂದು ಸುತ್ತು ಅಳು ಬಂತು. ಅದನ್ನು ನೋಡಿ ಅಜ್ಜ ಅವನ ಹೆಗಲ ಮೇಲೆ ಕೈಯಿಟ್ಟರು.

"ಏನು ಕಾಗದ ಹೇಳು."

"ಖಾಲಾ ಮನೇಲಿ ಇದೀನಿ ಅಂತ. ನಾಲ್ಕು ಗಂಟೆಗೆ ಕಾಲೇಜಿಗೆ ಕೊಡ್ಬೇಕು. ಇಲ್ದಿದ್ರೆ ತೆಗೆದುಹಾಕ್ತಾರೆ."

"ತಾಯಿ ಇಲ್ಲದ ಹುಡುಗನ್ನ ತೆಗೆದುಹಾಕ್ತಾರಾ? ನೋಡೇಬಿಡ್ತೀನಿ! ರಿಸಾಲತ್! ಇವತ್ತಿಂದ ಇವನಿಗೆ ನೀನೇ ತಾಯಿ. ಏನಂತೀಯಾ?"

ಒಳಗಿಂದ ನಲವತ್ತು ಹೆಂಗಸರು ಒಟ್ಟಿಗೇ ಹೌದು ಎಂದರು. ಖಾಲಾ ಬೇರೆ ಹೇಳಬೇಕಾಗಲಿಲ್ಲ.

ಅಜ್ಜ ಮೊಹರನ್ನು ಯಾರ ಕೈಗೂ ಕೊಡದೆ ಕರವಸ್ತ್ರದಲ್ಲಿ ಸುತ್ತಿ ಒಳಜೇಬಿನಲ್ಲೇ ಇಟ್ಟುಕೊಳ್ಳುವವರು. ಅಲ್ಲೇ ಮೊಣಕಾಲ ಮೇಲೆ ಕಾಗದ ಇಟ್ಟು ಬರೆದರು. ದಿವಂಗತ ಕುಮ್ರಿಯ ಮಗ ಎಲ್ಮುರಾದನು ತನ್ನ ಸ್ವಂತ ದೊಡ್ಡಮ್ಮನಾದ ರಿಸಾಲತಳ ಮನೆಯಲ್ಲಿ ಖಾಯಂ ವಾಸವಾಗಿದ್ದಾನೆ. ಬಹ್ರಿ ಸಹಿ ಹಾಕಿದಳು, ಸೋಬಿರ್ ಸಹಿ ಹಾಕಿದ. ಕೇಳದಿದ್ದ ಇನ್ನೂ ಐದು ಜನ ಪುಣ್ಯ ಬರಲಿ ಎಂದು ಸಹಿ ಹಾಕಿದರು. ಅವನ ಗುರುತಿನ ಚೀಟಿ ತೋರಿಸು ಎಂದು ಯಾರೂ ಕೇಳಲಿಲ್ಲ. ಅಷ್ಟು ಚೆನ್ನಾಗಿ ಅತ್ತವನ ಹತ್ತಿರ ಅದನ್ನು ಕೇಳುವುದು ಹೇಗೆ?

ಕಾಗದವೇನೋ ಕೈಗೆ ಬಂತು, ಆದರೆ ಗೇಟು ಬಿಟ್ಟು ಹೋಗುವ ಹಾಗಿರಲಿಲ್ಲ. ಮಗ ನಿಂತ ಜಾಗ ಬಿಟ್ಟರೆ ಬಂದವರು ಯಾರನ್ನು ತಬ್ಬಿಕೊಳ್ಳಬೇಕು? ಮೂರೂ ಹತ್ತಾದಾಗ ಸೋಬಿರನೇ ಕೈಗಡಿಯಾರ ನೋಡಿ, "ಓಡು, ಅಲ್ಲೀತನಕ ನಾನು ಅಳ್ತಿರ್ತೀನಿ," ಎಂದು ಕೋಲನ್ನು ತಾನು ತೆಗೆದುಕೊಂಡ. ಎಲ್ಮುರಾದ್ ನಿಲುವಂಗಿ ಬಿಚ್ಚುವುದಕ್ಕೂ ನಿಲ್ಲದೆ ಓಡಿ ಬಸ್ಸು ಹತ್ತಿದ.

ಸೊಂಟಕ್ಕೆ ಶೋಕದ ವಸ್ತ್ರ ಬಿಗಿದವನನ್ನು ಕಂಡು ಇಡೀ ಬಸ್ಸು ದಾರಿ ಬಿಟ್ಟಿತು. ಒಬ್ಬ ಮುದುಕ ಜರುಗಿ ಪಕ್ಕದಲ್ಲಿ ಜಾಗ ಕೊಟ್ಟ. "ಯಾರು ಹೋದ್ರಪ್ಪಾ?"

"ಅಮ್ಮ," ಎಂದ ಎಲ್ಮುರಾದ್. ಬೆಳಗ್ಗೆಯಿಂದ ಅದೇ ಬಾಯಿಗೆ ಬಂದುಬಿಟ್ಟಿತ್ತು.

"ದೇವರ ಇಚ್ಛೆ. ಸಮಾಧಾನ ಮಾಡ್ಕೊ," ಎನ್ನುತ್ತ ಮುದುಕ ಅವನ ಬೆನ್ನು ಸವರುತ್ತಿದ್ದಾಗಲೇ ತೊಡೆಯ ಮೇಲಿದ್ದ ಫೋನು ಬಡಿದುಕೊಂಡಿತು. ಪರದೆಯ ಮೇಲೆ ದೊಡ್ಡ ಅಕ್ಷರದಲ್ಲಿ 'ಅಮ್ಮ' ಎಂದು ಬಂತು. ದಿನಾ ಈ ಹೊತ್ತಿಗೆ ಊಟವಾಯಿತಾ ಎಂದು ಕೇಳುವವಳು. ಮುದುಕ ಫೋನು ನೋಡಿದ, ಇವನನ್ನು ನೋಡಿದ, ದೇವರ ಹೆಸರು ಹೇಳಿಕೊಳ್ಳುತ್ತ ಮುಂದಿನ ನಿಲ್ದಾಣದಲ್ಲಿ ಇಳಿದುಬಿಟ್ಟ. ಎಲ್ಮುರಾದನಿಗೆ ಫೋನು ಎತ್ತುವ ಧೈರ್ಯ ಬರಲಿಲ್ಲ. ಅದು ನಿಲ್ಲುವವರೆಗೂ ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತಿದ್ದ.

ಡೀನ್ ಕಚೇರಿಯಲ್ಲಿ ಲೋಲಾ ಬೀಗ ಹಾಕಲು ಎದ್ದಿದ್ದಳು. ಇವನ ವೇಷ ಕಂಡು ಮತ್ತೆ ಕೂತಳು. ಕಾಗದ ತೆಗೆದುಕೊಂಡು 'ದಿವಂಗತ' ಎಂಬ ಮಾತಿನವರೆಗೆ ಓದಿ, ಮುಂದೆ ಓದಲಾರದೆ ಕಣ್ಣೊರೆಸಿಕೊಂಡು ಮೊಹರು ಒತ್ತಿದಳು. ಕಡತದಲ್ಲಿ ಇವನ ತಾಯಿಯ ಹೆಸರು ಹೋಸಿಯತ್ ಎಂದಿತ್ತು, ಆದರೆ ಆ ಕಡತ ತೆಗೆದು ನೋಡುವಷ್ಟು ಕಲ್ಲುಹೃದಯ ಅವಳದಾಗಿರಲಿಲ್ಲ. "ಇನ್ನು ಈ ವರ್ಷ ಪೂರ್ತಿ ನಿನಗೆ ಇದೇ ವಿಳಾಸ. ಯಾರೂ ಕೇಳಲ್ಲ, ಹೋಗು. ಬೆಳಗ್ಗೆನೇ ಹೇಳಿದ್ರೆ ನಾನೇ ಬರ್ತಿದ್ನಲ್ಲೋ," ಎಂದು ನಕಲು ಪ್ರತಿಯನ್ನು ಅವನ ಕೈಗಿಟ್ಟಳು.

ಹೊರಗೆ ಬಂದಾಗ ಎಲ್ಮುರಾದನಿಗೆ ಕಾಲಿಗೆ ರೆಕ್ಕೆ ಬಂದಿತ್ತು. ಪರೀಕ್ಷೆ ಉಳಿಯಿತು, ಓದು ಉಳಿಯಿತು, ಅಮ್ಮನ ಮಾತೂ ಉಳಿಯಿತು. ನಾಳೆಯಿಂದ ಟಿವಿ ಹುಡುಗನಾಗಿ ಕದ್ದು ಕದ್ದು ಓಡಾಡಬೇಕಾಗಿಲ್ಲ. ಸುಳ್ಳನ್ನು ಹೇಗಾದರೂ ಶೋಕದ ನಲವತ್ತು ದಿನ ಎಳೆದರೆ ಆಯಿತು, ಆಮೇಲೆ ಸತ್ತವರನ್ನು ಯಾರು ನೆನೆಯುತ್ತಾರೆ ಎಂದುಕೊಂಡ.

ಬೀದಿಯ ತಿರುವಿನಲ್ಲೇ ಗದ್ದಲ ಕೇಳಿಸಿತು. ಗೇಟಿನ ಮುಂದೆ ಗುಲಿಸ್ತಾನ್‌ನ ಟ್ಯಾಕ್ಸಿ ನಿಂತಿತ್ತು. ಸೋಬಿರ್ ಕೋಲನ್ನು ಗೋಡೆಗೆ ಒರಗಿಸಿ ಬಾಯಿ ತೆರೆದುಕೊಂಡು ನಿಂತಿದ್ದ.

ಆದದ್ದಿಷ್ಟು. ಬಹ್ರಿ ಆಪಾ ತನ್ನ ಕಡೆಯಿಂದಲೂ ಶೋಕ ಸಲ್ಲಲಿ ಎಂದು ಗುಲಿಸ್ತಾನ್‌ನ ಮೈದುನನಿಗೆ ಫೋನು ಮಾಡಿದ್ದಳು. ಆ ಪುಣ್ಯಾತ್ಮ ಒಂದು ಗಂಟು ನಾನ್ ಕಟ್ಟಿಕೊಂಡು ಕುಮ್ರಿಯ ಮನೆಗೆ ಹೋಗಿ, ಬಾಗಿಲು ತಟ್ಟಿ, ಕೈ ಎತ್ತಿ ಫಾತಿಹಾ ಶುರು ಮಾಡಿದ್ದ. ಬಾಗಿಲು ತೆರೆದವಳು ಕುಮ್ರಿಯೇ. ಪೂರ್ತಿ ಕೇಳಿಸಿಕೊಂಡು, ಕೊನೆಗೆ ಆಮೀನ್ ಹೇಳಿ, ಸತ್ತವರು ಯಾರೆಂದು ವಿಚಾರಿಸಿದಳಂತೆ. ವಿಷಯ ತಿಳಿದ ಮೇಲೆ, "ನಾನು ಬದುಕಿರುವಾಗಲೇ ನನಗೆ ಮಣ್ಣು ಹಾಕಿದ್ಲಾ ಅವಳು!" ಎಂದು ಟ್ಯಾಕ್ಸಿ ಹಿಡಿದು, ಅಕ್ಕನ ಜಡೆ ಹಿಡಿಯಲೆಂದೇ ಬಂದಿದ್ದಳು.

ಬಂದು ನೋಡಿದರೆ ಅಂಗಳ ತುಂಬ ಹೆಂಗಸರು, ನಡುವೆ ನೀಲಿ ವಸ್ತ್ರ ಕಟ್ಟಿಕೊಂಡು ಕಣ್ಣು ಊದಿಸಿಕೊಂಡ ಅಕ್ಕ. ಬೈಯಬೇಕೆಂದು ತೆರೆದ ಬಾಯಿ ಹಾಗೇ ನಿಂತಿತು. "ನನಗೋಸ್ಕರ ಅಳ್ತಿದ್ಯೇನೇ?" ಎಂದಳು. ಅಷ್ಟೇ. ಎಲ್ಮುರಾದ್ ಒಳಗೆ ಕಾಲಿಡುವ ಹೊತ್ತಿಗೆ ಅಕ್ಕತಂಗಿಯರು ಒಬ್ಬರ ಕುತ್ತಿಗೆಗೊಬ್ಬರು ಜೋತುಬಿದ್ದು, ಸುತ್ತಲಿದ್ದ ನಲವತ್ತು ಹೆಂಗಸರು ಈಗ ಸಂತೋಷಕ್ಕೆ ಅಳುತ್ತಿದ್ದರು.

ಅವನನ್ನು ಮೊದಲು ಕಂಡದ್ದು ತುರ್ಗುನ್ ಅಜ್ಜ. ಕೈ ಹಿಡಿದು ಕೊಟ್ಟಿಗೆಯ ಹಿಂದಕ್ಕೆ ಎಳೆದುಕೊಂಡು ಹೋದರು.

"ನೀನು ಯಾರ ಮಗನೋ ಭಡವಾ?"

"ದೆನೋವ್‌ನ ಹೋಸಿಯತ್ ಮಗ, ಅಜ್ಜಾ. ತಪ್ಪಾಯ್ತು. ಕಾಗದ ವಾಪಸ್ ತಂದ್ಕೊಡ್ತೀನಿ."

"ವಾಪಸ್ಸಾ?" ಅಜ್ಜ ಅತ್ತಿತ್ತ ನೋಡಿದರು. "ಬದುಕಿರೋಳನ್ನ ಸತ್ತಳು ಅಂತ ಮೊಹರು ಹಾಕಿದೋನು ನಾನು. ಅದು ತಪ್ಪು ಅಂತ ಯಾರಾದ್ರೂ ಕಚೇರೀಲಿ ಬಾಯಿಬಿಟ್ರೆ ಈ ಗಡ್ಡ ಉಳಿಯುತ್ತಾ? ನೀನು ರಿಸಾಲತ್ ತಂಗಿ ಮಗ. ಮುಗೀತು. ಯಾರು ಕೇಳಿದ್ರೂ ಅದೇ."

ಜನ ಮೆಲ್ಲಗೆ ಕರಗಿದರು. ಶೋಕಕ್ಕೆಂದು ಮಾಡಿದ ಪಲಾವನ್ನು ಸಂತೋಷಕ್ಕೆಂದು ತಿಂದು ಹೋದರು. ಉಳಿದವರು ಅಕ್ಕತಂಗಿಯರು ಮತ್ತು ಎಲ್ಮುರಾದ್. ಕುಮ್ರಿ ಅವನ ಗಲ್ಲ ಹಿಡಿದು ನೋಡಿದಳು.

"ಇವನೇನಾ ನನ್ನ ಮಗ? ನನಗೆ ಇಬ್ಬರು ಹೆಣ್ಣುಮಕ್ಕಳು, ಇಬ್ಬರೂ ಗಂಡನ ಮನೆ ಸೇರಿದಾರೆ. ಗಂಡು ಮಗ ಇಲ್ಲ ಅನ್ನೋ ಕೊರಗು ಇವತ್ತಿಗೆ ತೀರ್ತು ನೋಡು. ನಮ್ಮಿಬ್ಬರನ್ನ ಸೇರಿಸಿದ್ಯಲ್ಲಪ್ಪಾ, ನಿನ್ನ ಹೊಟ್ಟೆ ತಣ್ಣಗಿರಲಿ."

ಖಾಲಾ ಅವನ ಬಟ್ಟಲಿಗೆ ಮತ್ತೊಂದು ತುಂಡು ಮಾಂಸ ಹಾಕಿದಳು. ಮೂರು ತಿಂಗಳಲ್ಲಿ ಅವಳು ಹಾಗೆ ಹಾಕಿದ್ದು ಅದೇ ಮೊದಲು. ಎಲ್ಮುರಾದನಿಗೆ ಕಣ್ಣು ತುಂಬಿ ಬಂತು. ಅದನ್ನು ಬಾಯಿಗಿಟ್ಟ ಮೇಲೆ ಖಾಲಾ ಮೆಲ್ಲಗೆ ಗಂಟಲು ಸರಿಮಾಡಿಕೊಂಡಳು.

"ಮಗನೇ, ಕುಮ್ರಿನೂ ಅಲ್ಲಿ ಒಬ್ಬಳೇ ಇದ್ದಾಳೆ. ಇನ್ನು ವಾಪಸ್ ಕಳಿಸಲ್ಲ ನಾನು. ಹದಿನೆಂಟು ವರ್ಷದ ಮಾತು ಬಾಕಿ ಇದೆ. ಇಲ್ಲಿ ಇರೋದು ಎರಡೇ ಕೋಣೆ, ನಿನಗೇ ಗೊತ್ತು."

"ಒಂದರಲ್ಲಿ ನೀವಿಬ್ಬರೂ..."

"ಅವಳು ಗೊರಕೆ ಹೊಡೀತಾಳೆ. ಚಿಕ್ಕಂದಿನಿಂದಲೂ ಹಾಗೇ."

"ನಾನು ಅಡುಗೆಮನೇಲಿ ಮಲಗ್ತೀನಿ ಖಾಲಾ."

"ಪರಗಂಡಸು ಅಲ್ವೇನಪ್ಪಾ ನೀನು? ಗಂಡ ಸತ್ತ ಇಬ್ಬರು ಹೆಂಗಸರಿರೋ ಮನೆ. ಮೊಹಲ್ಲಾದೋರು ಏನಂದ್ಕೋತಾರೆ?"

ಮೊಹಲ್ಲಾದ ಕಾಗದದ ಪ್ರಕಾರ ತಾನು ಪರಗಂಡಸಲ್ಲ, ಇಬ್ಬರ ಮಗ ಎಂದು ಹೇಳಬೇಕೆನಿಸಿತು. ಮಾಂಸದ ತುಂಡು ಇನ್ನೂ ಬಾಯಲ್ಲಿತ್ತು. ಅವನ ಪೆಟ್ಟಿಗೆ ಆಗಲೇ ಗೇಟಿನ ಹತ್ತಿರ ಹೋಗಿ ಕೂತಿತ್ತು, ಬಟ್ಟೆಗಳನ್ನು ಖಾಲಾ ತಾನೇ ಮಡಿಸಿ ಇಟ್ಟಿದ್ದಳು. "ಆ ಕಾಗದ ನಿನ್ನ ಹತ್ರಾನೇ ಇರಲಿ," ಎಂದಳು ದೊಡ್ಡ ಮನಸ್ಸಿನಿಂದ. "ನಾನು ತಕರಾರು ಮಾಡಲ್ಲ."

ನಿನ್ನೆ ಕೋಣೆಯಿತ್ತು, ಕಾಗದವಿರಲಿಲ್ಲ. ಇವತ್ತು ಕಾಗದವಿದೆ, ಕೋಣೆಯಿಲ್ಲ. ಆದರೂ ಎಲ್ಮುರಾದ್ ಪೂರ್ತಿ ಕಂಗೆಡಲಿಲ್ಲ. ಸೆಪ್ಟೆಂಬರಿನಲ್ಲಿ ಆರು ಗೇಟು ಮುಚ್ಚಿದ್ದು ಕಾಗದವಿಲ್ಲ ಎಂದು ತಾನೇ? ಪೆಟ್ಟಿಗೆ ಹೊತ್ತು ಎರಡು ಬೀದಿ ದಾಟುವಷ್ಟರಲ್ಲಿ ಒಂದು ಗೇಟಿನ ಮೇಲೆ ರಟ್ಟು ಕಾಣಿಸಿತು. 'ವಿದ್ಯಾರ್ಥಿಗೆ ಕೋಣೆ ಇದೆ'. ಹುಡುಗಿಯರಿಗೆ ಮಾತ್ರ ಎಂದೇನೂ ಇರಲಿಲ್ಲ. ಇನ್ನೂ ಕತ್ತಲಾಗಿರಲಿಲ್ಲ. ತಟ್ಟಿದ.

ದಪ್ಪಗಿನ ಒಬ್ಬ ಹೆಂಗಸು ತೆರೆದಳು. "ನೋಂದಣಿ ಇದೆಯಾ?"

"ಇದೆ!" ಎಂದ ಎಲ್ಮುರಾದ್. ಬದುಕಿನಲ್ಲಿ ಅಷ್ಟು ಹೆಮ್ಮೆಯಿಂದ ಅವನು ಯಾವುದನ್ನೂ ಹೇಳಿರಲಿಲ್ಲ.

ಅವಳು ಕಾಗದವನ್ನು ಬೆಳಕಿಗೆ ಹಿಡಿದು, ತುಟಿ ಅಲುಗಿಸುತ್ತ ಓದಿದಳು. ಓದಿ ಮುಗಿಸುವಷ್ಟರಲ್ಲಿ ಅವಳ ಮುಖವೆಲ್ಲ ಕರಗಿಹೋಗಿತ್ತು.

"ಅಯ್ಯೋ, ಆ ಹುಡುಗ ನೀನೇನಾ? ತಾಯಿ ಹೋದ್ಲಂತಲ್ಲ. ಗೇಟಲ್ಲಿ ಎಷ್ಟು ಚೆನ್ನಾಗಿ ಅತ್ತೆ ಅಂತ ನಮ್ಮೆಜಮಾನ್ರ ತಮ್ಮ ಬಂದು ಹೇಳಿದ."

"ಇಲ್ಲಮ್ಮಾ, ಅವರು ಬದುಕಿದಾರೆ."

"ಮೊದಮೊದಲು ಹಾಗೇ ಅನ್ಸುತ್ತಪ್ಪಾ. ನಮ್ಮೆಜಮಾನ್ರು ಹೋದಾಗ ನನಗೂ ಆರು ತಿಂಗಳು ಹಾಗೇ ಅನ್ಸಿತ್ತು." ಕಾಗದವನ್ನು ಮಡಿಸಿ ಅವನ ಜೇಬಿಗೆ ತಾನೇ ಇಟ್ಟಳು. "ಸ್ವಂತ ದೊಡ್ಡಮ್ಮನ ಮನೆ ಎರಡು ಬೀದಿ ಆಚೆ ಇಟ್ಕೊಂಡು ಬಾಡಿಗೆ ಕೋಣೆ ಕೇಳ್ತಾ ಬಂದಿದೀಯಲ್ಲ. ಏನೋ ಅಂದ್ರಾ? ಸಿಟ್ಟು ಮಾಡ್ಕೊಂಡ್ಯಾ?"

"ಅವರು ನನ್ನ ದೊಡ್ಡಮ್ಮ ಅಲ್ಲ."

"ಛೇ, ಹಾಗನ್ಬಾರದು! ಏಳು ಜನ ಸಹಿ ಹಾಕಿದಾರೆ, ತುರ್ಗುನ್ ಅಜ್ಜ ಮೊಹರು ಹಾಕಿದಾರೆ. ನಿನಗೆ ನಾನು ಕೋಣೆ ಕೊಟ್ರೆ ರಿಸಾಲತ್‌ಗೆ ಮುಖ ತೋರ್ಸೋದು ಹೇಗೆ? ಮನೆ ಮುರಿದೋಳು ಅಂತ ಹೆಸರು ಬರುತ್ತೆ ನನಗೆ. ಹೋಗು, ಮನೆಗೆ ಹೋಗು ಮಗನೇ."

ಅವನ ತಲೆ ಸವರಿ, ಪೆಟ್ಟಿಗೆಯನ್ನು ಬಂದ ದಾರಿಯ ಕಡೆಗೆ ತಿರುಗಿಸಿಟ್ಟು, ಗೇಟು ಹಾಕಿಕೊಂಡಳು. ಅಗುಳಿ ಬಿದ್ದ ಮೇಲೆ ಒಳಗಿಂದ ಅವಳ ದನಿ ಬಂತು.

"ನಾಳೆ ಬೆಳಗ್ಗೆ ನಾನೇ ಫಾತಿಹಾ ಓದೋಕೆ ಬರ್ತೀನಿ ಅಂತ ದೊಡ್ಡಮ್ಮನಿಗೆ ಹೇಳಪ್ಪಾ. ನೀನು ಗೇಟಲ್ಲೇ ಇರ್ತೀಯಲ್ಲ?"